ಉಪ್ಪು ಬಿಟ್ಟ ಗಂಡ

ಗೊಲ್ಲರಹಟ್ಟಿ, ಐಮಂಗಲದ ಹತ್ತಿರ,
ಹಿರಿಯೂರು ತಾಲ್ಲೂಕು
೧೮-೧೧-೧೯೭೪

ದುರ್ಗದ ದೊಡ್ಡಾಸ್ಪತ್ರೆಯ ಬಿಳಿ ಸೀರೆಯ ಮಹಾರಾಣಿ, ಏಳನೇ ಕ್ಲಾಸಿನವರೆಗೆ ನನ್ನ ಪಕ್ಕದಲ್ಲಿ ಕೂತು ನನ್ನ ಬಳಪ ಕದ್ದ ಈರಕ್ಕನಿಗೆ, ಚಿತ್ತಮ್ಮ ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಕುರಿಗಳು ಕ್ಷೇಮ. ನಿನ್ನ ಸೂಜಿ ಇಳಿದ ಜಾಗ ಮಾತ್ರ ನಿನ್ನನ್ನು ಇನ್ನೂ ಕ್ಷಮಿಸಿಲ್ಲ. ಗಟ್ಟಿ ನೆಲದ ಮೇಲೆ ಕೂತಾಗಲೆಲ್ಲ ನಿನ್ನ ನೆನಪಾಗುತ್ತದೆ. ಇಷ್ಟು ಭಕ್ತಿಯಿಂದ ನೆನೆಯುವ ಗೆಳತಿ ನಿನಗೆ ಬೇರೆ ಯಾರಿದ್ದಾರೆ ಹೇಳು.

ದೀಪಾವಳಿಗೆ ಮುಂಚೆ ಕಾಗದ ಬರೆಯುತ್ತೇನೆಂದು ಬಸ್ ಹತ್ತುವಾಗ ಮಾತು ಕೊಟ್ಟಿದ್ದೆ. ದೀಪಾವಳಿ ಬಂದು ನನ್ನನ್ನು ಕೇಳದೆಯೇ ಹೋಯಿತು. ಈಗ ಹಟ್ಟಿಯಲ್ಲಿ ಓದು ಬರಹ ಬಲ್ಲವಳು ನಾನೊಬ್ಬಳೇ ಆದ್ದರಿಂದ ಎಲ್ಲರ ಕಾಗದಗಳೂ ನನ್ನ ಕೈಯಿಂದಲೇ ಆಗಬೇಕು. ನೆರೆಮನೆಯ ಬೋರಕ್ಕ ಮಗನಿಗೆ ಬರೆಸುವ ಕಾಗದದಲ್ಲಿ ಮಗನ ಯೋಗಕ್ಷೇಮ ಒಂದು ಸಾಲು, ಎಮ್ಮೆಯ ಯೋಗಕ್ಷೇಮ ಒಂದು ಪುಟ. ಇವೆಲ್ಲ ಮುಗಿದು ನನ್ನ ಸರದಿ ಬರುವಾಗ ಮಸಿ ಮುಗಿದಿರುತ್ತದೆ. ತಡವಾದದ್ದಕ್ಕೆ ಕ್ಷಮಿಸು.

ಅವತ್ತು ಆಸ್ಪತ್ರೆಯ ವರಾಂಡದಲ್ಲಿ ನೀನು ನನ್ನ ಕಿವಿ ಹತ್ತಿರ ಬಗ್ಗಿ ಒಂದು ಪ್ರಶ್ನೆ ಕೇಳಿದೆ. "ಅಲ್ಲ ಕಣೇ, ನಿನ್ನ ಗಂಡನ ಹಣೆ ತುಂಬ ಅರಿಶಿನ ಯಾಕೈತೆ? ಆ ಅಜ್ಜಿ ಯಾಕೆ ಅವರ ಕಾಲಿಗೆ ಬೀಳ್ತೈತೆ?" ಆಮೇಲೆ ಹೇಳುತ್ತೇನೆ ಎಂದೆ. ಅದನ್ನು ಹೇಳುವುದಕ್ಕೇ ಈಗ ಕೂತಿದ್ದೇನೆ. ಬಾಗಿಲು ಹಾಕಿಕೊಂಡು ಓದು, ಜೋರಾಗಿ ಓದಬೇಡ.

ಯಜಮಾನರ ಹೆಸರನ್ನು ನಾನು ಬಾಯಲ್ಲಿ ಹೇಳಬಾರದು. ಬರೆಯಬಾರದೆಂದು ಯಾರೂ ಹೇಳಿಲ್ಲ, ಯಾಕೆಂದರೆ ಆ ಕಟ್ಟಳೆ ಮಾಡಿದವರಿಗೆ ಬರೆಯುವುದಕ್ಕೇ ಬರುತ್ತಿರಲಿಲ್ಲ. ಆದ್ದರಿಂದ ಧೈರ್ಯವಾಗಿ ಬರೆಯುತ್ತೇನೆ: ಶ್ರೀಯುತ ಕಾಟಲಿಂಗಪ್ಪನವರು. ಬೆಂಗಳೂರಿನಲ್ಲಿ ಕಾಂಕ್ರೀಟು ಹೊರುವ ಕೆಲಸ. ಕಟ್ಟಡ ಏಳುವ ಜಾಗದಲ್ಲೇ ತಗಡಿನ ಶೆಡ್ಡು, ಅದರಲ್ಲಿ ನಮ್ಮ ಕಡೆಯ ಗಂಡಸರೆಲ್ಲ ಒಟ್ಟಿಗೆ. ವರ್ಷಕ್ಕೆ ಒಂದೆರಡು ಸಲ ಹಟ್ಟಿಗೆ ದರ್ಶನ ದಯಪಾಲಿಸುತ್ತಾರೆ. ಈ ಸಲ ಮಹಾಲಯ ಅಮಾವಾಸ್ಯೆಗೆ ಮುಂಚೆ, ಕಾಗದ ಕೂಡ ಹಾಕದೆ ಬಂದಿಳಿದರು.

ಬಂದವರು ಮನೆಯೊಳಗೆ ಕಾಲಿಡಲಿಲ್ಲ. ಅತ್ತೆಗೆ ನಮಸ್ಕಾರ ಮಾಡಿ, ಕಂಬಳಿ ಹೆಗಲಿಗೇರಿಸಿ, ನೆಟ್ಟಗೆ ಕುರಿ ರೊಪ್ಪಕ್ಕೆ ನಡೆದು ಅಲ್ಲೇ ಹಾಸಿಕೊಂಡರು. ಊಟಕ್ಕೆ ಕರೆದರೆ ಉಪ್ಪು ಬೇಡ, ಹುಳಿ ಬೇಡ, ಖಾರ ಬೇಡ. ಸಪ್ಪೆ ಮುದ್ದೆಗೆ ಹಾಲು. ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುತ್ತಾರೆ. ಮದುವೆಯಾದಾಗಿನಿಂದ ಒಂದು ಟವೆಲನ್ನೂ ಹಿಂಡದಿದ್ದ ಮನುಷ್ಯ. ನಾನು ಹತ್ತಿರ ಹೋದರೆ, ಹಸಿ ಸಿಮೆಂಟಿನ ಮೇಲೆ ಯಾರೋ ಕಾಲಿಡಲು ಬಂದ ಹಾಗೆ ಕೈ ಅಡ್ಡ ಹಿಡಿದು ಹಿಂದೆ ಸರಿಯುತ್ತಾರೆ.

ಇದರ ಅರ್ಥ ನಿನಗೆ ಆಗದಿರಬಹುದು, ಹಟ್ಟಿಗೆ ಒಂದೇ ಕ್ಷಣದಲ್ಲಿ ಆಯಿತು. ನಮ್ಮ ದೇವರ ಪೆಟ್ಟಿಗೆ ವರ್ಷಕ್ಕೊಮ್ಮೆ ವೇದಾವತಿಗೆ ಸ್ನಾನಕ್ಕೆ ಹೋಗುತ್ತದೆ. ಅದನ್ನು ಹೊರುವವನು ಮೊದಲು ಉಪ್ಪು, ಹುಳಿ, ಖಾರ ಬಿಡಬೇಕು. ಹೆಂಡತಿಯ ಹಾಸಿಗೆ ಬಿಡಬೇಕು. ರೊಪ್ಪದ ಪಕ್ಕ ಕಂಬಳಿಯ ಮೇಲೆ ಮಲಗಬೇಕು, ತನ್ನ ಬಟ್ಟೆ ತಾನೇ ಒಗೆದುಕೊಳ್ಳಬೇಕು. ಇಷ್ಟು ವರ್ಷ ಹೊತ್ತ ಪೂಜಾರಿ ಮುದ್ದಣ್ಣನಿಗೆ ಮಂಡಿ ನೋವು. ವಯಸ್ಸಿನ ಹುಡುಗರೆಲ್ಲ ಬೆಂಗಳೂರು, ದಾವಣಗೆರೆ ಸೇರಿ ಉಪ್ಪು ಖಾರ ಚೆನ್ನಾಗಿ ತಿಂದುಕೊಂಡಿದ್ದಾರೆ. ಹೊರುವವರೇ ಇಲ್ಲದ ಹೊತ್ತಿನಲ್ಲಿ, ಯಾರೂ ಕೇಳದೆ, ಯಾರೂ ಹೇಳದೆ, ಒಬ್ಬ ಮನುಷ್ಯ ಬೆಂಗಳೂರಿನಿಂದ ಬಂದು ಸಪ್ಪೆ ಮುದ್ದೆ ನುಂಗುತ್ತಿದ್ದಾನೆ ಎಂದರೆ? ದೇವರೇ ಟಿಕೆಟ್ಟು ಕೊಟ್ಟು ಕಳಿಸಿದ್ದಾನೆ ಎಂದು ಹಟ್ಟಿ ತೀರ್ಮಾನಿಸಿತು.

ಮೊದಲು ಕಾಲಿಗೆ ಬಿದ್ದವಳು ಬೋರಕ್ಕ. ಇವರು ಬೆಚ್ಚಿ, ಮುಟ್ಟಬ್ಯಾಡ ಕಣಜ್ಜಿ, ನಾನು ಪಾಪಿ ಎಂದರಂತೆ. ಅಷ್ಟು ಸಾಕಾಯಿತು. ಯಾರನ್ನೂ ಮುಟ್ಟಗೊಡುವುದಿಲ್ಲ, ತನ್ನನ್ನು ತಾನೇ ಪಾಪಿ ಎನ್ನುತ್ತಾನೆ, ಎಂಥ ವಿನಯ ಎಂದು ಅವಳು ಮನೆಮನೆಗೂ ಹೇಳಿ ಬಂದಳು. ಮಾರನೆಯ ದಿನದಿಂದ ರೊಪ್ಪದ ಬಾಗಿಲಲ್ಲಿ ಹೂವು, ತೆಂಗಿನಕಾಯಿ. ಇವರು ಹಾಗೇನಿಲ್ಲ ಎಂದಷ್ಟೂ ಭಕ್ತರು ಹೆಚ್ಚಿದರು. ನಮ್ಮ ಅತ್ತೆ ಯಲ್ಲಕ್ಕನಂತೂ ನೀರಿಗೆ ಹೋಗುವಾಗ ಬಿಂದಿಗೆಗಿಂತ ಒಂದು ಗೇಣು ಎತ್ತರದಲ್ಲಿ ತಲೆ ಇಟ್ಟುಕೊಂಡು ನಡೆಯತೊಡಗಿದರು.

ನಾನೂ ನಂಬಿದೆ ಕಣೇ. ನಗಬೇಡ. ಇಂಥ ಗಂಡ ನನಗೆ ಸಿಕ್ಕಿದ್ದಾನಲ್ಲ ಎಂದು ಬೆಳಿಗ್ಗೆ ಹೆಮ್ಮೆ ಪಡುತ್ತಿದ್ದೆ. ಇಂಥ ಗಂಡನೇ ಸಿಗಬೇಕಿತ್ತಾ ಎಂದು ಸಂಜೆ ಅಳು ಬರುತ್ತಿತ್ತು. ಹೋದ ವರ್ಷ ಆದದ್ದು ನಿನಗೆ ಗೊತ್ತೇ ಇದೆ. ಮನೆಯಲ್ಲಿ ಒಂದು ಮಗುವಿನ ಸದ್ದು ಕೇಳಲಿ ಎಂದು ನಾನು ಕಾಯುತ್ತಿದ್ದರೆ, ಇವರು ದೇವರ ಪೆಟ್ಟಿಗೆ ಹೊರಲು ತಯಾರಾಗಿದ್ದಾರೆ. ಪೆಟ್ಟಿಗೆ ಹೊತ್ತವನು ಮುಂದಿನ ಒಂದು ವರ್ಷ ಹೆಂಡತಿಯ ಹತ್ತಿರ ಬರುವಂತಿಲ್ಲ. ಹಟ್ಟಿಯ ಎಲ್ಲೆ ದಾಟುವಂತಿಲ್ಲ, ಬಸ್ ಹತ್ತುವಂತಿಲ್ಲ, ಹೊರಗಿನವರ ಕೈ ಅವನ ಮೈ ಮೇಲೆ ಬೀಳುವಂತಿಲ್ಲ.

ಕೊನೆಗೆ ಹಟ್ಟಿಯ ಯಜಮಾನ ಗೊಲ್ಲಪ್ಪಜ್ಜ ನಮ್ಮ ಮನೆಗೆ ಬಂದು, ಸೋಮವಾರ ಬೆಳಿಗ್ಗೆ ಗುಡಿ ಕಟ್ಟೆಯ ಮುಂದೆ ಸೇರುವುದೆಂದು ಹೇಳಿ ಹೋದರು. ಪೆಟ್ಟಿಗೆ ಹೊರುವವನ ಹೆಂಡತಿ ನಾಲ್ಕು ಜನರ ಮುಂದೆ ನಿಂತು, ನಾನು ಒಪ್ಪಿ ಬಿಟ್ಟುಕೊಟ್ಟಿದ್ದೇನೆ ಎನ್ನಬೇಕು. ಅದಿಲ್ಲದೆ ಆಗುವುದಿಲ್ಲ. ನಮ್ಮ ಹಟ್ಟಿಯಲ್ಲಿ ಹೆಂಗಸಿನ ಮಾತು ಕೇಳುವುದು ಅದೊಂದೇ ದಿನ, ಅವತ್ತೂ ಏನು ಹೇಳಬೇಕೆಂದು ಮೊದಲೇ ಹೇಳಿಕೊಟ್ಟಿರುತ್ತಾರೆ.

ಅದಕ್ಕೆ ಹಿಂದಿನ ದಿನ ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಕುರಿ ಮೇಯುವಲ್ಲಿಗೆ ಹೋದೆ. ಇವರು ಜಾಲಿ ಮರದ ನೆರಳಲ್ಲಿ ಕೂತಿದ್ದರು. ಪಕ್ಕದಲ್ಲಿ ನಮ್ಮ ದೊಡ್ಡ ಟಗರು. ಮೇವಿಲ್ಲದ ಕಾಲದಲ್ಲಿ ಮರಿ ಬೀಳಬಾರದೆಂದು ನಾವು ಟಗರಿನ ಹೊಟ್ಟೆಯ ಕೆಳಗೆ ಗೋಣಿತಾಟು ಕಟ್ಟಿಬಿಡುತ್ತೇವೆ. ಅದು ಕುರಿಗಳ ಹಿಂದೆ ಎಷ್ಟು ಶೌರ್ಯದಿಂದ ಓಡಿದರೂ ಗೋಣಿ ಅಡ್ಡ ಬಂದು ಕೆಲಸ ಕೆಡುತ್ತದೆ. ಆ ಟಗರು ಲೋಕವೆಲ್ಲ ತನಗೆ ಮೋಸ ಮಾಡಿದೆ ಎಂಬ ಮುಖ ಹಾಕಿಕೊಂಡು ನಿಂತಿತ್ತು.

ನಾನು ಕೇಳಿದೆ, ನಾಳೆ ಒಪ್ಪಿಗೆ ಕೊಡಬೇಕಂತೆ, ಕೊಡಲಾ ಎಂದು. ಇವರು ಟಗರಿನ ಕಡೆ ಕೈ ತೋರಿಸಿದರು.

"ಆ ಗೋಣಿ ನೋಡು. ಬೆಂಗಳೂರಿಗೆ ಹೋಗೋವಾಗ ನಂಗೂ ಹಂಗೆ ಯಾರಾನಾ ಕಟ್ಟಿ ಕಳಿಸಬೇಕಿತ್ತು."

ನನಗೆ ತಿಳಿಯಲಿಲ್ಲ. ಕೈ ಬಿಚ್ಚಿ ತೋರಿಸಿದರು. ಅಂಗೈ ತುಂಬ ತಾಮ್ರದ ಬಣ್ಣದ ಕಲೆಗಳು. ಸಿಮೆಂಟು ತಿಂದ ಕೈ ಹಾಗೇ ಇರುತ್ತದೆ ಅಂದುಕೊಂಡಿದ್ದೆ. ಸಿಮೆಂಟು ಬಿಟ್ಟು ಇಷ್ಟು ದಿನವಾದರೂ ಹೋಗಿಲ್ಲ ಎಂದರು. ಆಮೇಲೆ ಎಲ್ಲ ಹೇಳಿದರು. ಶನಿವಾರ ಬಟವಾಡೆಯಾದ ಮೇಲೆ ಮೇಸ್ತ್ರಿ ಗಂಡಸರನ್ನೆಲ್ಲ ಕುಡಿಸಿ ಒಂದು ಗಲ್ಲಿಗೆ ಕರೆದುಕೊಂಡು ಹೋಗುತ್ತಿದ್ದನಂತೆ. ಹೋಗದವನನ್ನು ಶೆಡ್ಡಿನಲ್ಲಿ ವಾರವಿಡೀ ಸೀರೆ ಉಡಿಸುತ್ತೇವೆಂದು ಹಂಗಿಸುತ್ತಿದ್ದರಂತೆ. ಹೋದ ವರ್ಷ ಯುಗಾದಿಗೆ ಮುಂಚೆ ಒಂದು ಹುಣ್ಣಾಗಿತ್ತಂತೆ, ನೋವೂ ಇಲ್ಲದೆ ತಾನಾಗಿಯೇ ಮಾಯಿತಂತೆ. ವಾಸಿಯಾಯಿತೆಂದು ಖುಷಿಯಾಗಿ ಹಬ್ಬಕ್ಕೆ ಬಂದು ಹೋಗಿದ್ದರು. ಈಗ ಮೈಮೇಲೆಲ್ಲ ಈ ಕಲೆ. ಬಸ್ ಸ್ಟ್ಯಾಂಡ್ ಹತ್ತಿರ ಡೇರೆ ಹಾಕಿದ ಗುಪ್ತರೋಗದ ಪಂಡಿತನೊಬ್ಬ ಕರಿ ಎಣ್ಣೆ, ಪುಡಿ ಕೊಟ್ಟು, ಒಂದು ಮಂಡಲ ಉಪ್ಪು ಹುಳಿ ಖಾರ ಬಿಡು, ಹೆಂಡತಿಯ ನೆರಳೂ ತಾಕಿಸಿಕೊಳ್ಳಬೇಡ ಎಂದು ಕಳಿಸಿದ್ದನಂತೆ. ಬಟ್ಟೆ ಒಗೆದುಕೊಳ್ಳುತ್ತಿದ್ದದ್ದು ಆ ಎಣ್ಣೆಯ ಕಲೆಗೆ.

ಹೀಗೆ ನಮ್ಮ ಹಟ್ಟಿಯ ತಪಸ್ವಿಗೆ ದೀಕ್ಷೆ ಕೊಟ್ಟ ಗುರುಗಳು ಯಾರೆಂದು ತಿಳಿಯಿತಲ್ಲ.

ನನಗೆ ಸಿಟ್ಟು ಬರಲಿಲ್ಲ ಎಂದು ಬರೆದರೆ ನೀನು ನಂಬುವುದಿಲ್ಲ. ಬುತ್ತಿಯ ಪಾತ್ರೆ ಎತ್ತಿ ಬೀಸಿದೆ. ಗುರಿ ತಪ್ಪಿ ಟಗರಿಗೆ ಬಿತ್ತು. ಅದಕ್ಕೆ ಮೊದಲೇ ಅನ್ಯಾಯವಾಗಿತ್ತು, ಈಗ ಹೊಟ್ಟೆ ತುಂಬ ಆಯಿತು. ಅಳುತ್ತಲೇ ಬೈದೆ. ನಮ್ಮ ಹಟ್ಟಿಯಲ್ಲಿ ಇರುವ ಬೈಗುಳ ಮುಗಿದು ನೀನು ಆಸ್ಪತ್ರೆಯಲ್ಲಿ ಕಲಿತ ಇಂಗ್ಲಿಷು ಬೈಗುಳ ನನಗೂ ಬರಬಾರದಿತ್ತೇ ಅನ್ನಿಸಿತು. ಇವರು ತಲೆ ತಗ್ಗಿಸಿ ಕೂತಿದ್ದರು. ನಾನು ಸುಸ್ತಾದ ಮೇಲೆ ಒಂದೇ ಮಾತು ಹೇಳಿದರು.

"ಸುಮ್ಕೆ ಪೆಟ್ಟಿಗೆ ಹೊತ್ಕಂಡು ಮರ್ಯಾದೆ ಉಳಿಸ್ಕಬೋದಿತ್ತು. ಈ ಮೈಯಾಗೆ ದೇವ್ರನ್ನ ಮುಟ್ಟಾಕೂ ಭಯ, ನಿನ್ನ ಮುಟ್ಟಾಕೂ ಭಯ. ಅದಕ್ಕೇ ಹೇಳಿದೆ."

ಆ ಮಾತಿಗೆ ನನ್ನ ಸಿಟ್ಟು ಹೋಗಲಿಲ್ಲ, ಆದರೆ ಅವರ ಪಕ್ಕದಲ್ಲಿ ಕೂತುಕೊಳ್ಳಲು ಜಾಗ ಮಾಡಿಕೊಟ್ಟಿತು. ಯೋಚಿಸಿ ನೋಡು. ಪೂಜೆ ಸಿಗುತ್ತಿತ್ತು, ಕಾಯಿ ಸಿಗುತ್ತಿತ್ತು, ಒಂದು ವರ್ಷ ಯಾರೂ ಏನೂ ಕೇಳುತ್ತಿರಲಿಲ್ಲ. ಅದನ್ನೆಲ್ಲ ಬಿಟ್ಟು ಕೈ ಬಿಚ್ಚಿ ತೋರಿಸಿದರಲ್ಲ. ಆಗ ನನಗೆ ನಿನ್ನ ನೆನಪಾಯಿತು. ಈ ಪುಡಿ ಎಣ್ಣೆ ಸಾಕು, ನಾಳೆ ದುರ್ಗಕ್ಕೆ ಹೋಗಾಣ, ಈರಕ್ಕ ಅವಳೆ ಅಂದೆ. ಇವರು, ನಾಳೆ ಗುಡಿ ಕಟ್ಟೆಯಲ್ಲಿ ಬೇಡ ಅನ್ನುವುದಕ್ಕೆ ಏನು ಕಾರಣ ಕೊಡುತ್ತೀಯಾ ಎಂದರು. ನಾನೇ ಕಂಡುಕೊಳ್ಳುತ್ತೇನೆ ಅಂದೆ.

ಸೋಮವಾರ ಹಟ್ಟಿಯೆಲ್ಲ ಸೇರಿತ್ತು. ಇವರನ್ನು ಕರಿ ಕಂಬಳಿಯ ಮೇಲೆ ಕೂರಿಸಿ ಹಣೆ ತುಂಬ ಅರಿಶಿನ ಮೆತ್ತಿದ್ದರು. ಗಲ್ಲಿಗೇರಿಸುವ ಮುಂಚೆ ಹೂಮಾಲೆ ಹಾಕಿದರೆ ಯಾವ ಮುಖ ಇರುತ್ತದೋ ಆ ಮುಖ. ಗೊಲ್ಲಪ್ಪಜ್ಜ ನನ್ನನ್ನು ಕರೆದು, "ಹೇಳವ್ವ, ಬಿಟ್ಟುಕೊಟ್ಟಿದ್ದೀಯಾ?" ಎಂದರು.

ಕಾರಣ ಕಂಡುಕೊಳ್ಳುತ್ತೇನೆಂದು ಜಂಬದಲ್ಲಿ ಹೇಳಿದ್ದೆನಲ್ಲ, ರಾತ್ರಿಯೆಲ್ಲ ಹುಡುಕಿದರೂ ಒಂದೂ ಸಿಕ್ಕಿರಲಿಲ್ಲ. ನಿಜ ಹೇಳಿದರೆ ಇವರು ಮತ್ತೆ ಹಟ್ಟಿಯಲ್ಲಿ ತಲೆಯೆತ್ತುವಂತಿಲ್ಲ. ಹೂಂ ಎಂದರೆ ಆ ಕಾಯಿಲೆ ಒಂದು ವರ್ಷ ಅವರ ಮೈಯನ್ನು ತಿನ್ನುತ್ತದೆ, ಸೂಜಿ ಹಿಡಿದ ಕೈ ಅವರನ್ನು ಮುಟ್ಟುವಂತಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಇಲ್ಲಜ್ಜ. ನಂಗೆ ನನ್ನ ಗಂಡ ಬೇಕು."

ಹೆಂಗಸರ ಕಡೆಯಿಂದ ಒಂದು ನಗು ಹೊರಟಿತು, ಗಂಡಸರು ಕೆಮ್ಮಿದರು. ಬೋರಕ್ಕ ಕಾಲ ಕೆಟ್ಟೋತು ಎಂದು ಕಿವಿ ಮುಚ್ಚಿಕೊಂಡು ಬೆರಳ ಸಂದಿಯಲ್ಲಿ ಕೇಳುತ್ತಿದ್ದಳು. ಅತ್ತೆಯ ತಲೆ ಬಿಂದಿಗೆಗಿಂತ ಕೆಳಗಿಳಿಯಿತು. ಮುದ್ದಣ್ಣ ಮಾತ್ರ ನನ್ನನ್ನೊಮ್ಮೆ, ಇವರನ್ನೊಮ್ಮೆ ನೋಡಿ, "ಹೆಂಡ್ತಿ ಕಣ್ಣೀರು ಹಾಕಿಸಿ ಹೊತ್ತ ಪೆಟ್ಟಿಗೆ ಭಾರ ಆಗ್ತೈತೆ. ಈ ವರ್ಷ ನಾನೇ ಹೊರ್ತೀನಿ ಬಿಡ್ರಿ" ಎಂದ. ಮಂಡಿ ನೋವಿನ ಆ ಮುದುಕನಿಗೆ ಏನಾದರೂ ಗೊತ್ತಾಗಿತ್ತೋ ಇಲ್ಲವೋ ನಾನು ಕೇಳಿಲ್ಲ. ದಿನಾ ಬೆಳಿಗ್ಗೆ ಮನಸ್ಸಿನಲ್ಲೇ ಒಂದು ಕೈ ಮುಗಿಯುತ್ತೇನೆ.

ಈಗ ನನ್ನ ಕೀರ್ತಿ ಐಮಂಗಲದವರೆಗೂ ಹಬ್ಬಿದೆ. ದೇವರ ಕೈಯಿಂದ ಗಂಡನನ್ನು ಕಿತ್ತುಕೊಂಡವಳು, ಒಂದು ವರ್ಷ ತಾಳಲಾರದವಳು. ನೀರಿನ ಹತ್ತಿರ ಹೋದರೆ ಹುಡುಗಿಯರು, ಚಿತ್ತಕ್ಕ, ಭಾವ ಉಪ್ಪು ತಿಂದರಾ ಎಂದು ಕಿಸಕ್ಕನೆ ನಗುತ್ತಾರೆ. ತಮಾಷೆ ಏನೆಂದರೆ, ನಿಮ್ಮ ಡಾಕ್ಟರರು ಹೇಳಿದ ಹಾಗೆ ನಾವಿಬ್ಬರೂ ಆಗ ಗೋಡೆಯ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಮಲಗಿದ್ದೆವು. ಇಷ್ಟು ಕೆಟ್ಟ ಹೆಸರನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ಸಂಪಾದಿಸಿದವಳು ನಾನೊಬ್ಬಳೇ ಇರಬೇಕು.

ಅದೇ ದಿನ ನಾವು ಬಸ್ ಹತ್ತಿದೆವು. ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಿದ್ದಾಳೆ ಎಂದು ಹಟ್ಟಿ ಅಂದುಕೊಂಡಿತು. ಬೋರಕ್ಕ ಮಾತ್ರ ಭಕ್ತಿ ಬಿಡದೆ, ಮಗಳ ಮನೆಗೆ ಹೋಗುವ ನೆಪದಲ್ಲಿ ಅದೇ ಬಸ್ಸಿನಲ್ಲಿ ಬಂದು, ದಾರಿಯಲ್ಲಿ ದೇವರ ಶಕ್ತಿ ಇಳಿದುಹೋಗದಿರಲೆಂದು ಇನ್ನೊಂದು ಹಿಡಿ ಅರಿಶಿನ ಮೆತ್ತಿದಳು. ಆಸ್ಪತ್ರೆಯ ತನಕ ಬಂದು ಕಾಲಿಗೆ ಬಿದ್ದದ್ದು ಅವಳೇ. ಕಾಲು ಉಳುಕಿದೆ, ತೋರಿಸುತ್ತಾರೆ ಎಂದು ಸುಳ್ಳು ಹೇಳಿ ಕಳಿಸಿದೆ. ಹಾಗಾದರೆ ಬಿದ್ದ ಕಾಲೇ ನೋವಿನ ಕಾಲಾ ಎಂದು ನೊಂದುಕೊಂಡು ಹೋದಳು.

ಅಲ್ಲಿಂದ ಮುಂದಿನದು ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ನೀನು ಮಾಡಿದ್ದು ನಿನಗೆ ಗೊತ್ತಿಲ್ಲದಿರಬಹುದು. ಚೀಟಿ ಬರೆಯುವವನು ಗಂಡನ ಹೆಸರು ಹೇಳಮ್ಮ ಎಂದು ಗದರಿದಾಗ ನಾನು ಬಾಯಿ ಬಿಡಲಾರದೆ ನಿಂತಿದ್ದೆ. ನೀನು ಎಲ್ಲಿಂದಲೋ ಬಂದು ನನ್ನ ಬದಲು ಹೇಳಿದೆ. ಯಾವ ಕಾಯಿಲೆ ಎಂದು ಅವನು ಗಟ್ಟಿಯಾಗಿ ಕೇಳಿದಾಗ, ಅದು ಡಾಕ್ಟರ ಕೆಲಸ, ನೀನು ಬರಿ ಎಂದೆ. ನನಗೇನೂ ಆಗಿಲ್ಲ, ನನ್ನ ರಕ್ತ ಯಾಕೆ ಎಂದು ನಾನು ಹಟ ಹಿಡಿದಾಗ, ಹೆಂಗಸರಿಗೆ ಎಷ್ಟೋ ಸಲ ಹೊರಗೆ ಏನೂ ಕಾಣುವುದಿಲ್ಲ, ಒಬ್ಬರಿಗೆ ಮಾತ್ರ ಔಷಧಿಯಾದರೆ ಇನ್ನೊಬ್ಬರಿಂದ ಮತ್ತೆ ಬರುತ್ತದೆ ಎಂದು ಕೂರಿಸಿಕೊಂಡು ಹೇಳಿದೆ. ಬೇರೆ ಯಾರಾದರೂ ಆಗಿದ್ದರೆ ಇವರನ್ನು ನೋಡಿದ ರೀತಿಯಲ್ಲೇ ಅರ್ಧ ಸಾಯಿಸುತ್ತಿದ್ದರು. ನೀನು ಅಣ್ಣ, ಬರ್ರಿ, ಕುಂತ್ಕಳ್ರಿ ಎಂದೆ. ಅವತ್ತು ರಾತ್ರಿ ಇವರು, ನಿನ್ನ ಗೆಳತಿ ನನ್ನನ್ನ ಅಣ್ಣ ಅಂದಳು ಎಂದು ಮತ್ತೆ ಮತ್ತೆ ಹೇಳುತ್ತಿದ್ದರು.

ಆ ಉಪ್ಪಿನ ಮಾತನ್ನಂತೂ ನಾನು ಸಾಯುವ ತನಕ ಮರೆಯುವುದಿಲ್ಲ. ಇಬ್ಬರಿಗೂ ಪೆನಿಸಿಲಿನ್ ಸೂಜಿ ಆದ ಮೇಲೆ ಇವರು ಡಾಕ್ಟರರ ಮುಂದೆ ಕೈ ಮುಗಿದು, "ಸ್ವಾಮಿ, ಇನ್ಮೇಲೆ ಉಪ್ಪು ತಿನ್ನಬೋದಾ?" ಎಂದರು. ಉಪ್ಪು ನಿನಗೇನು ಮಾಡಿತ್ತಪ್ಪ, ತಿನ್ನು, ಆ ಗಲ್ಲಿಗೆ ಮಾತ್ರ ಹೋಗಬೇಡ ಎಂದರು ಡಾಕ್ಟರು. ನೀನು ಹೋಟೆಲಿನಿಂದ ಉಪ್ಪಿಟ್ಟು ತರಿಸಿಕೊಟ್ಟೆ. ಮೊದಲ ತುತ್ತಿಗೇ ಇವರ ಕಣ್ಣಲ್ಲಿ ನೀರು. ಖಾರ ಜಾಸ್ತಿ ಎಂದರು. ಅದರಲ್ಲಿ ಖಾರವೇ ಇರಲಿಲ್ಲ.

ಹೊರಡುವಾಗ ನೀನು ಕೊಟ್ಟ ಕೆಂಪು ತ್ರಿಕೋನದ ಪೊಟ್ಟಣ ನೆನಪಿದೆಯಾ? ನಿರೋಧ್ ಎಂದು ಹೇಳಿ ನೀನು ಗೋಡೆ ನೋಡಿದೆ, ಕಾಂಪೌಂಡರು ಸೂರು ನೋಡಿದ, ಇವರು ಪೊಟ್ಟಣ ತಿರುಗಿಸಿ ಇದು ನುಂಗುವುದಾ, ನೀರಲ್ಲಿ ಕರಗಿಸುವುದಾ ಎಂದರು. ಕೊನೆಗೆ ನಾನೇ, "ನಮ್ಮ ಟಗರಿನ ಗೋಣಿ ಕಣ್ರಿ" ಎಂದೆ. ಇವರಿಗೆ ಒಂದೇ ಏಟಿಗೆ ಅರ್ಥವಾಯಿತು. ಕಾಂಪೌಂಡರು ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಮೂರನೆಯ ವಾರದ ಸೂಜಿಯೂ ಮುಗಿದ ಮೇಲೆ ಇವರು ಬೆಂಗಳೂರಿಗೆ ಹೊರಟರು. ಮೊನ್ನೆ ಕಾಗದ ಬಂತು. ಶೆಡ್ಡಿನಲ್ಲಿ ಅರ್ಧ ಜನ ಅದೇ ಪಂಡಿತನ ಎಣ್ಣೆ ಹಚ್ಚಿಕೊಂಡು ಸಪ್ಪೆ ತಿನ್ನುತ್ತಿದ್ದಾರಂತೆ, ಒಬ್ಬರಿಗೊಬ್ಬರು ಹೇಳದೆ. ಸಪ್ಪೆ ತಿನ್ನುವವನನ್ನು ಕಂಡರೆ ಇವರೇ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರಂತೆ. ಶನಿವಾರ ಮೇಸ್ತ್ರಿಯ ಹಿಂದೆ ಹೊರಡುವವರನ್ನು ಬಾಗಿಲಲ್ಲಿ ನಿಲ್ಲಿಸಿ, ಲೇ, ಗೋಣಿ ಐತೇನಲೇ ಎಂದು ಕೇಳುತ್ತಾರಂತೆ. ಈಗ ಸೀರೆ ಉಡಿಸುವ ಮಾತು ನಿಂತಿದೆಯಂತೆ. ಹಟ್ಟಿಯಲ್ಲಿ ಪೂಜಾರಿಯಾಗದಿದ್ದರೂ ಅಲ್ಲಿ ಒಂದು ರೀತಿಯ ಪೂಜಾರಿಕೆ ಸಿಕ್ಕಿದ ಹಾಗಾಯಿತು.

ನನಗೆ ಸಿಟ್ಟು ಪೂರ್ತಿ ಹೋಗಿದೆ ಎನ್ನುವುದಿಲ್ಲ. ಆಗಾಗ ಬರುತ್ತದೆ, ಟಗರನ್ನು ನೋಡಿ ಹೋಗುತ್ತದೆ. ಆದರೆ ನಿನ್ನನ್ನು, ಮುದ್ದಣ್ಣನನ್ನು, ಕೈ ಬಿಚ್ಚಿ ತೋರಿಸಿದ ಇವರನ್ನು ನೆನೆದರೆ ನನ್ನ ಪಾಲಿಗೆ ಬಂದದ್ದು ಕಡಿಮೆ ಏನಲ್ಲ ಅನ್ನಿಸುತ್ತದೆ. ನಿನ್ನ ಕೈ ಸೂಜಿಗೆ ಎಷ್ಟು ಒರಟೋ ಉಳಿದದ್ದಕ್ಕೆಲ್ಲ ಅಷ್ಟು ಮೆತ್ತಗೆ. ಆ ಕೈ ನೂರು ಕಾಲ ಗಟ್ಟಿಯಾಗಿರಲಿ. ನಿನ್ನ ಯಜಮಾನರಿಗೆ ನಮಸ್ಕಾರ, ನಿನ್ನ ಮಕ್ಕಳ ಕೆನ್ನೆಗೆ ನನ್ನ ಪರವಾಗಿ ಒಂದೊಂದು ಮುತ್ತು. ಸಂಕ್ರಾಂತಿಗೆ ಒಂದು ಕಂಬಳಿ ಕಳಿಸುತ್ತೇನೆ, ಬೇಡ ಎನ್ನಬೇಡ.

ಇತಿ ನಿನ್ನ,
ಲಜ್ಜೆಗೆಟ್ಟವಳೆಂದು ಹೆಸರಾದ
ಚಿತ್ತಮ್ಮ

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಇವರು ಹೊರಗಿದ್ದಾಗ ಡಾಕ್ಟರರು ನನ್ನನ್ನು ಎಷ್ಟು ಹೆರಿಗೆಯಮ್ಮ ಎಂದು ಕೇಳಿದರು. ಒಂದು, ಹೋದ ವರ್ಷ ದೀಪಾವಳಿ ಆದಮೇಲೆ, ಎಂಟನೇ ತಿಂಗಳಲ್ಲಿ, ಅಳಲೇ ಇಲ್ಲ ಎಂದೆ. ಅವರು ಬರೆಯುವುದನ್ನು ನಿಲ್ಲಿಸಿದರು, ನೀನು ನೆಲ ನೋಡಿದೆ. ನನಗೆ ಅರ್ಥವಾಯಿತು. ಯುಗಾದಿಗೆ ಇವರು ಬಂದು ಹೋದದ್ದನ್ನು ಬೆರಳು ಮಡಿಸಿ ನಾನೇ ಕೂಡಿಸಿಕೊಂಡೆ. ಹಟ್ಟಿಯಾಚೆ ಬಾಣಂತಿ ಗುಡಿಸಲಲ್ಲಿ ಅವನನ್ನು ನನ್ನ ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ ಕಣೇ, ಕೂದಲು ತುಂಬ ಇತ್ತು. ಬಸುರಿನಲ್ಲಿ ನಾನು ಸೀತಾಫಲ ತಿಂದು ಮಗುವಿಗೆ ಶೀತವಾಯಿತು ಎಂದು ಅತ್ತೆ ಹೇಳಿದ್ದರು. ನಂಬಿದ್ದೆ. ಈ ವರ್ಷ ಸೀತಾಫಲದ ಬುಟ್ಟಿ ಹೊತ್ತು ಬಂದವರ ಮುಖ ಕೂಡ ನೋಡಿಲ್ಲ. ಅವನನ್ನು ತೆಗೆದುಕೊಂಡದ್ದು ಹಣ್ಣಲ್ಲ, ಆ ಕಾಯಿಲೆ ಎಂದು ಈಗ ಗೊತ್ತಾಗಿ ಹಗುರವೂ ಆಯಿತು, ಭಾರವೂ ಆಯಿತು. ಇವರಿಗೆ ಗೊತ್ತಿಲ್ಲ. ಮಗು ಹೋದ ಸುದ್ದಿ ತಿಳಿದು ಬೆಂಗಳೂರಿನಿಂದ ಓಡಿ ಬಂದು ಆ ಮಣ್ಣಿನ ಮೇಲೆ ಬಿದ್ದು ಅತ್ತವರು ಇವರು. ನಾನಾಗಿ ಹೇಳುವ ತನಕ ನೀನೂ ಹೇಳಬೇಡ. ನಮ್ಮ ರಕ್ತವನ್ನು ಇನ್ನೊಮ್ಮೆ ನೋಡಬೇಕು ಎಂದಿದ್ದಾರಲ್ಲ, ಆ ದಿನ ಬರುತ್ತೇವೆ. ಅಷ್ಟರೊಳಗೆ ಒಂದು ಕಾರ್ಡು ಹಾಕು. ಹಟ್ಟಿಯಲ್ಲಿ ಬೇರೆ ಯಾರಿಗೂ ಓದಲು ಬರುವುದಿಲ್ಲ, ಧೈರ್ಯವಾಗಿ ಬರಿ: ಮುಂದಿನದು ಅಳುತ್ತದೆ ಅಲ್ಲವಾ?